ಗುರುಪುತ್ರಪ್ಪನ ತಪಾಸಣೆ

ಮೂವತ್ತೆರಡು ವರ್ಷ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದ ಗುರುಪುತ್ರಪ್ಪನ ಲೆಕ್ಕದಲ್ಲಿ ಜಗತ್ತಿನಲ್ಲಿ ಎರಡೇ ಜಾತಿ. ಟಿಕೆಟ್ ತೆಗೆದವರು, ತೆಗೆಯದವರು. ತೆಗೆದವರು ಕಿಟಕಿಯಾಚೆ ನೋಡುತ್ತಾರೆ, ತೆಗೆಯದವರು ಚೆಕರನ ಮುಖ ನೋಡುತ್ತಾರೆ. ಈ ಒಂದು ಸೂತ್ರದ ಮೇಲೆ ಅವನು ನೌಕರಿ ಮಾಡಿದ, ಮಗಳಿಗೆ ವರ ನೋಡಿದ, ಮಹಾಂತೇಶ ನಗರದಲ್ಲಿ ಮನೆ ಕಟ್ಟುವಾಗ ಗೌಂಡಿಗಳ ಬೆನ್ನ ಹಿಂದೆ ನಿಂತು ಸಿಮೆಂಟು ಕಾದ. ಈಗಲೂ ಹಾಲಿನವ ಬಂದರೆ ಪಾತ್ರೆಯೊಳಗೆ ಬೆರಳು ಅದ್ದಿ ನೋಡುತ್ತಾನೆ. "ನಿಮಗ ದೇವರು ಪ್ರತ್ಯಕ್ಷ ಆದ್ರೂ ಮೊದಲ ಪಾಸ್ ತೋರ್ಸು ಅಂತೀರಿ" ಎಂದು ಹೆಂಡತಿ ಬಸವಣ್ಣೆವ್ವ ಅಂದು ಅಂದು ಬೇಸತ್ತು, ಈಗ ಅನ್ನುವುದನ್ನೂ ಬಿಟ್ಟಿದ್ದಾಳೆ.

ಇಂಥವನನ್ನು ದವಾಖಾನೆಯ ಸಮಿತಿಗೆ ಸದಸ್ಯನನ್ನಾಗಿ ಮಾಡಿದ್ದು ಯಾರ ಬುದ್ಧಿಯೋ ಏನೋ. ಬೆಳಗಾವಿಯ ಆ ದವಾಖಾನೆಯ ಹೆಸರು ಇಲ್ಲಿ ಬೇಡ, ಹೇಳಿದರೆ ನಾಳೆ ಇಬ್ಬರ ನೌಕರಿಗೆ ಕುತ್ತು. ಸರ್ಕಾರದ ದುಡ್ಡಿನಲ್ಲಿ ನಡೆಯುವಂಥದ್ದು, ಬಡವರಿಗೆ ಪುಕ್ಕಟೆ, ಅಷ್ಟು ಗೊತ್ತಿದ್ದರೆ ಸಾಕು. ಅಲ್ಲಿಗೆ ತಿಂಗಳ ಕೊನೆಯ ಶನಿವಾರ ಹೊರ ಊರಿನಿಂದ ಡಾಕ್ಟರ್ ಸಾಕ್ಷಿ ಎಂಬ ಸರ್ಜನ್ ಬರುತ್ತಿದ್ದಳು. ಕಾಲಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡವರಿಗೆ ಬೇರೆ ನಾಳ ಜೋಡಿಸಿ ಕಾಲು ಉಳಿಸುವುದು ಅವಳ ಕೆಲಸ. ಒಂದು ಕಾಲಿಗೆ ಇಡೀ ದಿನ ಬೇಕು. ಹಾಗಾಗಿ ತಿಂಗಳಿಗೆ ಒಬ್ಬರಿಗೆ ಮಾತ್ರ ಆ ಭಾಗ್ಯ, ಪಾಳಿಯಲ್ಲಿ ಹನ್ನೊಂದು ಜನ.

ಹೊಗೆ, ತಂಬಾಕು ಬಿಡದಿದ್ದರೆ ಹೊಸ ನಾಳವೂ ಕಟ್ಟಿಕೊಳ್ಳುತ್ತದೆ, ಅದಕ್ಕೇ ಮೊದಲು ಬಿಡಿಸಿ ಎಂದು ಡಾಕ್ಟರ್ ಒಮ್ಮೆ ಹೇಳಿ ಹೋಗಿದ್ದಳು. ಗುರುಪುತ್ರಪ್ಪನಿಗೆ ಅಷ್ಟೇ ಬೇಕಾಗಿತ್ತು.

"ಬಿಟ್ಟೇನಿ ಅಂದಕೂಡ್ಲೆ ನಂಬೂದೇನ್ರಿ?" ಎಂದು ಸಭೆಯಲ್ಲಿ ಎದ್ದು ನಿಂತ. "ಮಂದಿ ತೆರಗಿ ಕಟ್ಟಿದ ರೊಕ್ಕ ಇದು. ಒಬ್ಬಾವ ಚಟಾ ಮಾಡೂದು, ಊರ ಮಂದಿ ಅವನ ಕಾಲ ರಿಪೇರಿ ಮಾಡಸೂದು, ಇದ್ಯಾವ ನ್ಯಾಯಾರಿ? ಮಾಡಿದ್ದುಣ್ಣೋ ಮಹಾರಾಯ ಅಂತ ಹಿರಿಯರು ಸುಮ್ನ ಅಂದಿಲ್ಲ. ಮನಿಗೆ ಹೋಗಿ, ಹೇಳದ ಕೇಳದ ಹೋಗಿ, ಕಣ್ಣಾರೆ ನೋಡಬೇಕು."

ಉಳಿದ ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲೆದಾಡುವವನು ಅವನೇ ಎಂದು ತಿಳಿದ ಮೇಲೆ ಎಲ್ಲರೂ ಹೂಂ ಅಂದರು. ಬಿಸಿಲಿನಲ್ಲಿ ಇನ್ನೊಬ್ಬ ತಿರುಗುವುದಾದರೆ ಯಾವ ನಿಯಮವೂ ಒಳ್ಳೆಯದೇ ಕಾಣುತ್ತದೆ. ಅರ್ಜಿಯ ನಮೂನೆಯನ್ನು ಗುರುಪುತ್ರಪ್ಪನೇ ಬರೆದ. ಬೀಡಿ, ಸಿಗರೇಟು ಸೇದುತ್ತಾರೆಯೇ? ತಂಬಾಕು, ಗುಟಖಾ ತಿನ್ನುತ್ತಾರೆಯೇ? ಮನೆಗೆ ಹೋಗಿ ನೋಡಲಾಗಿದೆಯೇ? ಮೊದಲೆರಡರಲ್ಲಿ ಒಂದಕ್ಕೆ ಹೌದು ಎಂದಾದರೂ ರೋಗಿ ಮೂರು ತಿಂಗಳು ಪಾಳಿಯಿಂದ ಹೊರಗೆ. ಕೆಳಗೆ ತಪಾಸಣೆ ಮಾಡಿದವರ ಸಹಿ.

ಪಾಳಿಯಲ್ಲಿ ಮೊದಲ ಹೆಸರು ಸಾದಿಕನದು. ವಡಗಾವಿಯಲ್ಲಿ ಪಾವರ್‌ಲೂಮಿನ ಮೇಲೆ ಸೀರೆ ನೇಯುವವ, ವಯಸ್ಸು ನಲವತ್ತೊಂದು, ಹದಿನಾರಕ್ಕೇ ಬೀಡಿ ಹಚ್ಚಿದವ. ಎಡಗಾಲಿನ ಹೆಬ್ಬೆರಳು ಕಪ್ಪಾಗತೊಡಗಿತ್ತು. ದವಾಖಾನೆಯ ಬಾಗಿಲಲ್ಲಿ ಅವನು ಎದುರಾದಾಗ ಗುರುಪುತ್ರಪ್ಪನಿಗೆ ಲವಂಗದ ವಾಸನೆ ಬಡಿಯಿತು. ಲವಂಗ ಸುಮ್ಮನೆ ಯಾರೂ ಅಗಿಯುವುದಿಲ್ಲ. ಒಂದು ವಾಸನೆ ಮುಂದೆ ನಿಂತಿದೆ ಎಂದರೆ ಅದರ ಬೆನ್ನ ಹಿಂದೆ ಇನ್ನೊಂದು ಅಡಗಿ ಕೂತಿದೆ ಎಂದೇ ಅರ್ಥ. ಮೇಲಾಗಿ ಅವನು ಮಾತಾಡುವಾಗ ನೆಟ್ಟಗೆ ಗುರುಪುತ್ರಪ್ಪನ ಮುಖವನ್ನೇ ನೋಡಿದ. ಮುಗಿಯಿತಲ್ಲ!

ಸೋಮವಾರದಿಂದ ಗುರುಪುತ್ರಪ್ಪ ವಡಗಾವಿಯ ಆ ಸಂದಿಯಲ್ಲಿ, ಮಗ್ಗದ ಶೆಡ್ಡಿನ ಎದುರಿನ ಚಹಾದಂಗಡಿಯಲ್ಲಿ ಠಿಕಾಣಿ ಹೂಡಿದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎರಡು ದಿನ ಕಾದ. ಒಳಗೆ ಮಗ್ಗಗಳು ಖಟಖಟ ಬಡಿಯುತ್ತಲೇ ಇದ್ದವು. ಅಂಗಡಿಯವನು ಇವನನ್ನು ಸಾಲ ವಸೂಲಿಗೆ ಬಂದವನೆಂದು ತಿಳಿದು ಚಹಾದಲ್ಲಿ ಹಾಲು ಕಡಿಮೆ ಮಾಡಿದ. ಮೂರನೆಯ ದಿನ, ಬುಧವಾರ ಹನ್ನೊಂದರ ಸುಮಾರಿಗೆ, ಒಂದು ಮಗ್ಗದ ಸದ್ದು ನಿಂತಿತು. ಸಾದಿಕ ಹೊರಬಂದು ಎಡಗಾಲು ಎಳೆಯುತ್ತ, ಹತ್ತು ಹೆಜ್ಜೆಗೊಮ್ಮೆ ನಿಂತು, ಶೆಡ್ಡಿನ ಹಿಂದಕ್ಕೆ ಹೋದ. ಮುಂದಿನ ಬಾಗಿಲಿಂದ ಹತ್ತಿದ ಚೆಕರನಿಗೆ ಯಾರೂ ಸಿಗುವುದಿಲ್ಲ ಎಂಬುದು ಹಳೆಯ ಪಾಠ. ಗುರುಪುತ್ರಪ್ಪ ಬಚ್ಚಲ ಮೋರಿ ದಾಟಿ ಹಿಂದಿನಿಂದ ಸುತ್ತುವರಿದು ಬಂದ.

ಸಾದಿಕ ಕಲ್ಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಬೀಡಿ ಎಳೆಯುತ್ತಿದ್ದ.

"ಸಿಕ್ಕಿ ನೋಡಪಾ ಮಗನ!" ಎಂದ ಗುರುಪುತ್ರಪ್ಪ. ಅವನ ಎದೆಯಲ್ಲಿ ಎಷ್ಟೋ ವರ್ಷದ ಮೇಲೆ ಆ ಹಳೆಯ ಖುಷಿ ಚಿಮ್ಮಿತು. ಅದನ್ನು ಮುಚ್ಚಿಡುವುದೇಕೆ, ಖುಷಿಯೇ ಆಗಿತ್ತು.

ಸಾದಿಕ ಬೀಡಿ ಎಸೆಯಲಿಲ್ಲ, ಅಡಗಿಸಲೂ ಇಲ್ಲ. "ಹೌದರಿ ಸಾಹೇಬ್ರ, ಸೇದಾಕತ್ತೇನಿ. ಸುಳ್ಳ ಯಾಕ ಹೇಳ್ಲಿ? ದಿನಕ್ಕ ಒಂದ್ರಿ. ಹಿಂತಾ ಹೊತ್ತಿನಾಗ ಒಂದ" ಎಂದ. ಆಮೇಲೆ ಅವನನ್ನು ಶೆಡ್ಡಿನೊಳಗೆ ಕರೆದೊಯ್ದು ತನ್ನ ಮಗ್ಗದ ಬಾಜುವಿನ ಗೋಡೆ ತೋರಿಸಿದ. ಮಸಿ ಹಿಡಿದ ಗೋಡೆಯ ಮೇಲೆ ಸೀಮೆಸುಣ್ಣದ ಖಡುವಿನಿಂದ ಬರೆದ ಅಂಕಿಗಳು ಒಂದರ ಕೆಳಗೊಂದು. ನಲವತ್ತು, ಮೂವತ್ತು, ಇಪ್ಪತ್ತೆರಡು, ಹದಿನೈದು, ಒಂಬತ್ತು, ಐದು, ಮೂರು, ಒಂದು.

"ಡಾಕ್ಟರ್ ಬಾಯಿ ಹೇಳಿದ ವಾರದಿಂದ ಹಿಂಗ ಇಳಿಸ್ಕೋತ ಬಂದೇನ್ರಿ. ಮೊದಲ ಎರಡ ಸಲ ಒಮ್ಮಿಗೇ ಬಿಟ್ಟಿದ್ದೆ, ತಡಕೊಳ್ಳಾಕ ಆಗ್ಲಿಲ್ಲ, ತಿರುಗಿ ಹಚ್ಚಿದ್ದೆ. ಇದೂ ನಾಡಿದ್ದ ಶುಕ್ರವಾರಕ್ಕ ಮುಗೀತೈತ್ರಿ. ಅಲ್ಲಾನ ಆಣಿ."

ಗುರುಪುತ್ರಪ್ಪ ಗೋಡೆ ನೋಡಿದ. ಎಂಟಾಣೆಯ ಖಡುವಿನಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ಈಗ ಹಿಂದಿನ ಸ್ಟಾಪಿನಲ್ಲಿ ಹತ್ತಿದೆ ಅನ್ನುವವನು ಧಾರವಾಡದಿಂದಲೇ ಬಂದಿರುತ್ತಾನೆ. ಒಂದು ಅಂದವನ ಹಿಂದೆ ಹತ್ತು ಇದ್ದೇ ಇರುತ್ತವೆ.

ಅಷ್ಟರಲ್ಲಿ ಸಾದಿಕನ ಹೆಂಡತಿ ಶಗುಫ್ತಾ ಬುತ್ತಿ ತಗೊಂಡು ಬಂದವಳು, ಸಂಗತಿ ತಿಳಿದು ಬುತ್ತಿಯನ್ನು ಅಲ್ಲೇ ಇಟ್ಟು, ಗಂಡನ ಕಾಲಿನ ಬಟ್ಟೆ ಬಿಚ್ಚಿ ತೋರಿಸಿದಳು. "ಬೆರಳ ನೋಡ್ರಿ ಅಣ್ಣಾ. ಹೋದ ವಾರ ಉಗುರಷ್ಟ ಕರ್ರಗಿತ್ತು, ಈಗ ಎಲ್ಲಿಗೆ ಬಂದೈತಿ ನೋಡ್ರಿ. ಇದು ಮೂರ ತಿಂಗಳ ಎಲ್ಲಿ ತಡೀತೈತ್ರಿ? ಒಂದ ಬೀಡಿ ಸಲುವಾಗಿ ಕಾಲ ಕಳೀತೀರೇನು?"

ಗುರುಪುತ್ರಪ್ಪನಿಗೆ ಒಂದು ಗಳಿಗೆ ಎದೆ ಚುರ್ ಅಂದಿತು. ಆದರೆ ಬಸ್ಸಿನಲ್ಲಿ ಎಷ್ಟು ಜನ ಅತ್ತಿಲ್ಲ, ಎಷ್ಟು ಜನ ಖಾಲಿ ಚೀಲ ಕೊಡವಿ ತೋರಿಸಿಲ್ಲ? ಕರಗಿದ ಚೆಕರ್ ಕೆಟ್ಟ. ಅವನು, "ನಿಯಮ ಅಂದ್ರ ನಿಯಮ ತಂಗಿ. ಒಂದಾದ್ರೇನು, ನಲವತ್ತಾದ್ರೇನು? ಅರ್ಧಾ ಟಿಕೀಟ ಸಣ್ಣ ಹುಡುಗ್ರಿಗೆ ಅಷ್ಟ" ಎಂದು ಅಲ್ಲೇ, ಮಗ್ಗದ ಮೇಲೆ ಕಾಗದ ಇಟ್ಟು, ಹೌದು ಎಂದು ಬರೆದು ಸಹಿ ಹಾಕಿದ.

ಎರಡನೆಯ ಹೆಸರು ಖಾನಾಪುರದ ಫಕೀರವ್ವನದು. ಮರುದಿನವೇ ಹೊರಟ. ಬಸ್ಸಿನಲ್ಲಿ ಪಕ್ಕದವನ ಪಾಸಿನ ಫೋಟೊ ಅವನದೇ ಹೌದೋ ಅಲ್ಲವೋ ಎಂದು ದೇಸೂರು ದಾಟುವವರೆಗೂ ಅನುಮಾನಪಟ್ಟ. ಇಳಿದ ಮೇಲೆ ಮಲಪ್ರಭೆಯ ಸೇತುವೆ ದಾಟಿ, ಇಟ್ಟಂಗಿ ಭಟ್ಟಿಗಳ ಆಚೆಗಿನ ಓಣಿಯಲ್ಲಿ ಮನೆ ಹುಡುಕಿದ. ಊಟದ ಮೇಲಿನ ಹೊತ್ತು ಚಟದ ಹೊತ್ತು, ಅದಕ್ಕೇ ಬೇಕೆಂದೇ ಮೂರು ಗಂಟೆಗೆ ಹೋಗಿದ್ದ.

ಫಕೀರವ್ವ ಐವತ್ತೈದರ ವಿಧವೆ, ಭಟ್ಟಿಯಲ್ಲಿ ಮಣ್ಣು ಹೊರುತ್ತಿದ್ದವಳು, ಈಗ ಇಪ್ಪತ್ತು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಂಡು ಕೂತುಬಿಡುತ್ತಾಳೆ. ಗುರುಪುತ್ರಪ್ಪ ಹೋದಾಗ ಅವಳು ಬಚ್ಚಲ ಕಲ್ಲಿನ ಮೇಲೆ ಕೂತು ಹಲ್ಲು ತಿಕ್ಕುತ್ತಿದ್ದಳು. ಬಾಯಲ್ಲಿ ಬೆರಳಿದ್ದುದರಿಂದ ಕೈಸನ್ನೆಯಲ್ಲೇ ಕೂರಲು ಹೇಳಿದಳು. ನಿಧಾನಕ್ಕೆ, ಮೂಲೆ ಮೂಲೆಗೂ ಬೆರಳು ಹಾಯಿಸಿ ತಿಕ್ಕಿ, ಕಪ್ಪಗೆ ಉಗುಳಿ, ಮೂರು ಸಲ ಬಾಯಿ ಮುಕ್ಕಳಿಸಿ ಬಂದಳು. ಗುರುಪುತ್ರಪ್ಪ ಕಟ್ಟೆಯ ಮೇಲೆ ಕೂತು ಕಾದ. ಒಳಗಿನಿಂದ ಹಂಚಿನ ಮೇಲೆ ಏನೋ ಹುರಿದ ವಾಸನೆ ಬರುತ್ತಿತ್ತು. ಅದು ಅವನ ತಾಯಿಯ ಅಡಿಗೆಮನೆಯ ವಾಸನೆ. ಅವಳು ಸತ್ತು ಇಪ್ಪತ್ತು ವರ್ಷವಾಗಿತ್ತು. ಅನುಮಾನವನ್ನೇ ಉಂಡು ಬೆಳೆದ ಆ ಮೂಗು ಅವತ್ತು ಒಂದು ಗಳಿಗೆ ಸುಖಪಟ್ಟು ಸುಮ್ಮನಾಯಿತು.

ಹಾಗೆಂದು ಕೆಲಸ ಬಿಡುವವನಲ್ಲ. "ತಂಬಾಕ ತಿಂತೀರೇನವಾ?" ಎಂದ.

"ಶಿವ ಶಿವಾ! ಹುಟ್ಟಿದಾಗಿಂದ ತಂಬಾಕ ಬಾಯಾಗ ಇಟ್ಟಾಕಿ ಅಲ್ಲರಿ ನಾ. ನನ್ನ ಗಂಡ ಅದನ್ನ ತಿಂದ ತಿಂದ ಸತ್ತ. ಎಲಿ ಅಡಿಕಿ ಸೈತ ಮುಟ್ಟೂದಿಲ್ಲ."

ಅವಳು ಅವನ ಮುಖ ನೋಡಲಿಲ್ಲ, ಓಣಿಯ ಕಡೆ ನೋಡುತ್ತ ಹೇಳಿದಳು. ಗುರುಪುತ್ರಪ್ಪನಿಗೆ ಅದು ಹಿಡಿಸಿತು. ಆದರೂ ಗೂಡುಗಳಲ್ಲಿ ಕೈಹಾಕಿ ನೋಡಿದ, ದಿಂಬಿನ ಕೆಳಗೆ ನೋಡಿದ, ಬಾಜು ಮನೆಯವಳನ್ನು ಕರೆದು ಮರಾಠಿಯಲ್ಲಿ ವಿಚಾರಿಸಿದ. ಮರಾಠಿ ಬರದ ಚೆಕರನ ಬಸ್ಸಿನಲ್ಲಿ ಖಾನಾಪುರದವರೆಗೆ ಅರ್ಧ ಮಂದಿ ಪುಕ್ಕಟೆ ಹೋಗುತ್ತಾರೆ. ಇಂಥ ನಿರ್ಮಲ ಹೆಂಗಸು ಈ ಓಣಿಯಲ್ಲೇ ಇಲ್ಲ ಎಂದು ಆ ನೆರೆಯವಳೂ ಖಾತ್ರಿ ಕೊಟ್ಟಳು. ಗುರುಪುತ್ರಪ್ಪ ಇಲ್ಲ, ಇಲ್ಲ ಎಂದು ಎರಡು ಕಡೆ ಬರೆದು, ಮೂರನೆಯದಕ್ಕೆ ಹೌದು, ಕಣ್ಣಾರೆ ನೋಡಲಾಗಿದೆ ಎಂದು ದಪ್ಪ ಅಕ್ಷರದಲ್ಲಿ ಬರೆದು, ಅವಳು ಕೊಟ್ಟ ಚಹಾ ಕುಡಿದು ಬಂದ. ಈ ತಿಂಗಳ ಶನಿವಾರ ಫಕೀರವ್ವನದಾಯಿತು.

ಆ ಶನಿವಾರ ಬೆಳಿಗ್ಗೆ ಏಳೂವರೆಗೇ ಅವನು ದವಾಖಾನೆಯಲ್ಲಿದ್ದ. ತಾನು ಮಾಡಿದ ನ್ಯಾಯ ಹೇಗೆ ನಡೆಯುತ್ತದೆಂದು ನೋಡುವ ಆಸೆ. ಫಕೀರವ್ವ ದವಾಖಾನೆಯ ಹಸಿರು ಅಂಗಿ ತೊಟ್ಟು ಪಡಸಾಲೆಯ ನಳದ ಹತ್ತಿರ ಕೂತು ಹಲ್ಲು ತಿಕ್ಕುತ್ತಿದ್ದಳು. ಡಾಕ್ಟರ್ ಸಾಕ್ಷಿ ಆ ದಾರಿಯಲ್ಲೇ ಬಂದಳು. ಅವಳು ಹಾಸನದ ಕಡೆಯವಳು. ಎರಡು ಹೆಜ್ಜೆ ಮುಂದೆ ಹೋದವಳು ನಿಂತು, ಹಿಂದಿರುಗಿ ಬಂದಳು.

"ಏನದು ಅಮ್ಮಾ, ಕಪ್ಪಗೆ?"

"ಮಿಶ್ರಿರಿ. ಹಲ್ಲ ತಿಕ್ಕೂ ಪುಡಿ."

ಡಾಕ್ಟರ್ ಡಬ್ಬಿ ಇಸಿದುಕೊಂಡು ಮೂಸಿದಳು. "ಯಾವುದರಿಂದ ಮಾಡ್ತೀರಿ?"

"ತಂಬಾಕಿನ ಎಲಿ ಹಂಚಿನ ಮ್ಯಾಲ ಕರ್ರಗ ಹುರದು ಪುಡಿ ಮಾಡೂದ್ರಿ. ನಾನ ಮನ್ಯಾಗ ಮಾಡ್ತೀನಿ, ಅಂಗಡೀದ ಚಲೋ ಇರೂದಿಲ್ಲ" ಎಂದಳು ಫಕೀರವ್ವ, ಹೆಮ್ಮೆಯಿಂದಲೇ.

"ದಿನಕ್ಕೆ ಎಷ್ಟು ಸಲ?"

"ಐದಾರ ಸಲರಿ. ತಿಕ್ಕಲಿಲ್ಲಂದ್ರ ತಲಿ ಹಿಡೀತೈತಿ, ಕೆಲಸಕ್ಕ ಕೈ ಬರೂದಿಲ್ಲ."

"ಅಮ್ಮಾ, ಇದು ಹೊಗೆಸೊಪ್ಪು. ಬಾಯಿಂದಲೇ ರಕ್ತಕ್ಕೆ ಹೋಗುತ್ತೆ. ತಂಬಾಕು ಇಲ್ಲ ಅಂತ ಬರೆಸಿದೀರಲ್ಲ?"

"ತಂಬಾಕ ನಾ ತಿನ್ನೂದಿಲ್ಲರಿ ಬಾಯಾರ! ಇದು ಹಲ್ಲಿಗೆ!" ಫಕೀರವ್ವನಿಗೆ ಖರೇ ಅರ್ಥವಾಗಿರಲಿಲ್ಲ. ಈ ಸೀಮೆಯಲ್ಲಿ ಮಿಶ್ರಿಯನ್ನು ಯಾರು ತಂಬಾಕು ಅಂದಾರು? ಗುರುಪುತ್ರಪ್ಪನ ತಾಯಿ ತಿಕ್ಕುತ್ತಿದ್ದಳು, ಹೆಂಡತಿ ತಿಕ್ಕುತ್ತಾಳೆ, ಅವರನ್ನು ಚಟದವರು ಅಂದವನ ಹಲ್ಲು ಉಳಿಯುತ್ತಿರಲಿಲ್ಲ.

ಡಾಕ್ಟರ್ ಕಾಗದ ತೆಗೆದು ಸಹಿ ನೋಡಿದಳು. "ಮನೆಗೆ ಹೋಗಿ ನೋಡಿದವರು ನೀವೇನಾ?"

ಗುರುಪುತ್ರಪ್ಪನ ಬಾಯಿಗೆ ಸಿದ್ಧವಾಗಿ ಬಂದದ್ದು, ಈಕಿ ನನಗ ಮೋಸ ಮಾಡ್ಯಾಳ ಎಂಬ ಮಾತು. ಅದೊಂದನ್ನು ಅಂದಿದ್ದರೆ ಅವನು ಪಾರು. ಫಕೀರವ್ವ ಪಾಳಿಯಿಂದ ಹೊರಗೆ ಬೀಳುತ್ತಿದ್ದಳು, ಅವನ ಮಾನ ಉಳಿಯುತ್ತಿತ್ತು. ಆದರೆ ಅವಳು ಅವನ ಕಡೆ ತಿರುಗಿ, ಭರವಸೆಯಿಂದ, "ಸಾಹೇಬ್ರು ನೋಡ್ಯಾರಲ್ಲರಿ. ಅವತ್ತ ನಾ ತಿಕ್ಕೂದು ಮುಗಿಯೂ ಮಟ ಕಟ್ಟಿ ಮ್ಯಾಲ ಕುಂತಿದ್ರು. ತಪ್ಪಿದ್ರ ಅವರ ಹೇಳ್ತಿರ್ಲಿಲ್ಲೇನು?" ಎಂದಳು.

ದೀಪದ ಬುಡದಲ್ಲಿ ಕತ್ತಲೆ ಎಂದು ಕೇಳಿದ್ದನೇ ಹೊರತು ಆ ಕತ್ತಲೆಯಲ್ಲಿ ತಾನೇ ಕೂತೇನೆಂದು ಗುರುಪುತ್ರಪ್ಪ ಎಣಿಸಿರಲಿಲ್ಲ. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಅವನು ಎಲ್ಲಿ ನೋಡಬೇಕೆಂದು ತಿಳಿಯದೆ ಎದುರಿನವರ ಮುಖವನ್ನೇ ನೋಡಿದ. "ನೋಡೇನಿ ಮೇಡಂ. ನೋಡೇ ಬರದೇನಿ. ಈಕಿದೇನೂ ತಪ್ಪಿಲ್ಲ" ಎಂದ.

ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಈಯಮ್ಮನ ಕಾಲು ಇನ್ನೂ ಮೂರು ನಾಲ್ಕು ತಿಂಗಳು ತಾಳುತ್ತೆ. ಇದನ್ನ ಬಿಟ್ಟು ಬರಲಿ, ಆಮೇಲೆ ಮಾಡೋಣ. ಮೊದಲು ಸಾದಿಕ ಅಂತ ಇದ್ದನಲ್ಲ, ಅವನನ್ನು ಯಾಕೆ ತೆಗೆದಿರಿ? ಅವನದು ತಾಳೋ ಕಾಲಲ್ಲ."

"ಬೀಡಿ ಸೇದ್ತಿದ್ದರಿ."

"ಎಷ್ಟು?"

"ಒಂದು" ಎಂದ ಗುರುಪುತ್ರಪ್ಪ. ಆ ಸಂಖ್ಯೆ ಅವನ ಕಿವಿಗೇ ಬೇರೆಯಾಗಿ ಕೇಳಿಸಿತು.

"ನಲವತ್ತು ಸೇದ್ತಿದ್ದವನು ಒಂದಕ್ಕೆ ಬಂದಿದ್ನಾ?" ಡಾಕ್ಟರ್ ಗಡಿಯಾರ ನೋಡಿದಳು. "ಫೋನ್ ಮಾಡಿ ಕರೆಸಿ. ಹತ್ತೂವರೆ ಒಳಗೆ ಬಂದರೆ ಇವತ್ತೇ ಮಾಡ್ತೀನಿ."

ಫೋನು ಹತ್ತಲಿಲ್ಲ. ಗುರುಪುತ್ರಪ್ಪ ಆಟೊ ಹಿಡಿದು ವಡಗಾವಿಗೆ ಓಡಿದ. ದಾರಿಯುದ್ದಕ್ಕೂ, ಸಿಗದೆ ಎಲ್ಲಿ ಹೋಗುತ್ತಾನೆ, ಹೆದರಿ ಫೋನು ಬಂದ್ ಮಾಡಿರಬೇಕು, ಎಂದು ತನಗೆ ತಾನೇ ಹೇಳಿಕೊಂಡ. ಶೆಡ್ಡಿನಲ್ಲಿ ಸಾದಿಕನ ಮಗ್ಗ ನಿಂತಿತ್ತು, ಅರ್ಧ ನೇಯ್ದ ಸೀರೆ ಅದರ ಮೇಲೆ ಹಾಗೇ ಇತ್ತು. ಗೋಡೆಯ ಮೇಲೆ ಒಂದರ ಕೆಳಗೆ ಈಗ ಸೊನ್ನೆ, ಸೊನ್ನೆಯ ಬಾಜುವಿಗೆ ದಿನಕ್ಕೊಂದರಂತೆ ಸಣ್ಣ ಗೆರೆಗಳು. ಎಣಿಸಿದ. ಹನ್ನೆರಡಿದ್ದವು.

"ಬುಧವಾರನ ಒಯ್ದಾರಲ್ಲರಿ" ಎಂದ ಪಕ್ಕದ ಮಗ್ಗದವ, ಸದ್ದಿನ ಮೇಲೆ ಕೂಗಿ. "ಜ್ವರ ನೆತ್ತಿಗೇರಿತ್ತು, ಕಾಲ ಬಾತಿತ್ತು. ನಿಮ್ಮ ದವಾಖಾನಿಗೇ ಹೋಗ್ಯಾರ."

ತಾನು ಬೆಳಿಗ್ಗೆಯಿಂದ ನಿಂತಿದ್ದ ಕಟ್ಟಡಕ್ಕೇ ಗುರುಪುತ್ರಪ್ಪ ತಿರುಗಿ ಬಂದ. ಎರಡನೆಯ ಮಹಡಿಯ ವಾರ್ಡಿನಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ ಸಾದಿಕ ಮಲಗಿದ್ದ. ಹೊದ್ದ ಚಾದರ ಬಲಗಡೆ ಪಾದದವರೆಗೆ ಎದ್ದಿತ್ತು, ಎಡಗಡೆ ಮೊಳಕಾಲಿನ ಕೆಳಗೆ ಹಾಸಿಗೆಗೆ ಅಂಟಿ ಚಪ್ಪಟೆಯಾಗಿತ್ತು. ಶಗುಫ್ತಾ ಸ್ಟೂಲಿನ ಮೇಲೆ ಕೂತಿದ್ದಳು. ಬುಧವಾರ ಸಂಜೆ ಇಲ್ಲಿನ ಡಾಕ್ಟರೇ, ಜೀವ ಉಳಿಯಬೇಕೆಂದರೆ ಇದೇ ದಾರಿ ಎಂದು ತೆಗೆದಿದ್ದರು. ತಿಂಗಳಿಗೊಮ್ಮೆ ಬರುವವಳಿಗೆ ಅದನ್ನು ಯಾರೂ ತಿಳಿಸಿರಲಿಲ್ಲ.

"ಪಾಳಿ ಬಂದೈತಿ ಅಂತ... ಕರಿಯಾಕ ಬಂದಿದ್ದೆ" ಎಂದ ಗುರುಪುತ್ರಪ್ಪ. ಅಂದ ಮೇಲೆ ಆ ಮಾತು ಎಷ್ಟು ಹೇಸಿ ಎಂದು ಅವನಿಗೇ ಅನ್ನಿಸಿತು.

ಸಾದಿಕ ಕಣ್ಣು ತೆರೆದ. "ಬಿಟ್ಟೇನ್ರಿ ಸಾಹೇಬ್ರ" ಎಂದ, ಒಣಗಿದ ದನಿಯಲ್ಲಿ. "ಶುಕ್ರವಾರ ಅಂತ ಹೇಳಿದ್ನಲ್ಲ, ಅವತ್ತ ಬಿಟ್ಟೆ."

ಈಗ ಹೇಳುವುದಕ್ಕೆ ನಾಚಿಕೆಯಾಗುವಂಥದ್ದು ನಡೆಯಿತು. ಬಿಟ್ಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಗುರುಪುತ್ರಪ್ಪನ ಕಣ್ಣು, ಅವನನ್ನು ಕೇಳದೆಯೇ, ಗೋಡೆಯ ಮೊಳೆಗೆ ತೂಗುಹಾಕಿದ್ದ ಸಾದಿಕನ ಅಂಗಿಯ ಕಿಸೆಯ ಮೇಲೆ ಹೋಗಿ ಕೂತಿತು. ಕಿಸೆ ಸ್ವಲ್ಪ ಉಬ್ಬಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ. ಕಾಲು ಹೋದವನ ಮುಂದೆ ನಿಂತು ಅವನು ಬೀಡಿ ಹುಡುಕುತ್ತಿದ್ದ. ತನ್ನ ಮೇಲೆ ತನಗೇ ಅಸಹ್ಯವಾಗಿ ಕಣ್ಣನ್ನು ಅಲ್ಲಿಂದ ಕಿತ್ತುಕೊಂಡ. ಅಷ್ಟರಲ್ಲಿ ಶಗುಫ್ತಾ ನೋಡಿಬಿಟ್ಟಿದ್ದಳು.

ಅವಳು ಎದ್ದು ಅಂಗಿಯನ್ನು ಇಳಿಸಿ, ಕಿಸೆಯನ್ನು ಹೊರಗೆ ಮಗುಚಿ ಅವನ ಮುಂದೆ ಹಿಡಿದಳು. ನಾಲ್ಕು ಲವಂಗ, ಒಂದಿಷ್ಟು ಮಗ್ಗದ ನೂಲು, ಮಡಚಿದ ದವಾಖಾನೆ ಚೀಟಿ ಕೆಳಗೆ ಬಿದ್ದವು.

"ನೋಡ್ರಿ ಅಣ್ಣಾ, ಪೂರಾ ನೋಡ್ಕೊಳ್ರಿ" ಎಂದಳು. ದನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ. "ಕಾಲ ಉಳಸಾಕ ನೀವು ಮೂರ ದಿನ ಚಹಾದಂಗಡ್ಯಾಗ ಕುಂತ ಚೆಕ್ ಮಾಡಿದ್ರಿ. ಬುಧವಾರ ಕಾಲ ತೆಗಿಯಾಕ ಒಳಗ ಒಯ್ಯೂ ಮುಂದ ನಾನ ಹೇಳಾಕ ಹೋದೆ, ಇವರು ಬೀಡಿ ಬಿಟ್ಟಾರ್ರಿ, ಹನ್ನೆರಡ ದಿನ ಆತು ಅಂತ. ಅದೇನೂ ಬ್ಯಾಡವಾ, ಇಲ್ಲೊಂದ ಸಹಿ ಮಾಡು ಅಂದ್ರು. ಇದೂ ಸರಕಾರದ ರೊಕ್ಕದಾಗ ಅಲ್ಲೇನ್ರಿ ಅಣ್ಣಾ? ಇದಕ್ಕ ಯಾರೂ ಏನೂ ಕೇಳ್ಲಿಲ್ಲ."